ಮರಿ ತರೋ ಮುಂಚೆ ಗುಂಡಿ ತೆಗೀರಿ

ಹಂದಿ ಸಾಕಿ ಲಕ್ಷ ಎಣಿಸೋ ವಿಡಿಯೋಗಳಿಗೆ ಫೋನಲ್ಲಿ ಬರವಿಲ್ಲ. ಗಬ್ಬವಾದ 114 ದಿನಕ್ಕೆ ಈಯುತ್ತೆ, ಸೂಲಿಗೆ ಎಂಟು-ಹತ್ತು ಮರಿ ಅಂತಾರೆ. ಅದು ಸುಳ್ಳಲ್ಲ. ಆದರೆ ಮನೆ ಹಿಂದಿನ ಹತ್ತು ಗುಂಟೆಯಲ್ಲಿ ಶುರು ಮಾಡೋರು ಮೊದಲು ಲೆಕ್ಕ ಹಾಕಬೇಕಾದ್ದು ಮರಿಯದ್ದಲ್ಲ, ಶೆಡ್ಡಿನ ಗಲೀಜು ನೀರಿನದ್ದು ಮತ್ತು ಸೊಳ್ಳೆಯದ್ದು.

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಇದು ಬರೀ ವಾಸನೆಯ ಪ್ರಶ್ನೆ ಅಲ್ಲ, ಮಕ್ಕಳ ಪ್ರಾಣದ ಪ್ರಶ್ನೆ. ಜಪಾನೀಸ್ ಮೆದುಳು ಜ್ವರ ಮಂಡ್ಯ ಜಿಲ್ಲೆಗೆ ಹೊಸದಲ್ಲ. ಇದರ ವೈರಸ್ ಕೊಕ್ಕರೆ, ಬೆಳ್ಳಕ್ಕಿಗಳಲ್ಲಿ ಇರುತ್ತೆ. ಭತ್ತದ ಗದ್ದೆ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಹಂದಿಗೆ ತರುತ್ತೆ. ಹಂದಿಯ ರಕ್ತದಲ್ಲಿ ವೈರಸ್ ಹೆಚ್ಚಾಗಿ, ಮತ್ತೆ ಸೊಳ್ಳೆ ಕಚ್ಚಿ ಮನುಷ್ಯರಿಗೆ ಬರುತ್ತೆ. ಹಂದಿ ಮುಟ್ಟಿದ್ರೆ ಬರಲ್ಲ. ಹಂದಿ ನೋಡೋಕೆ ಚೆನ್ನಾಗೇ ಇರುತ್ತೆ, ಗಬ್ಬದ ಹಂದಿ ಮಾತ್ರ ಕಂದು ಹಾಕಬಹುದು.

ಗದ್ದೆ, ಕೊಕ್ಕರೆ, ಹಂದಿ ಮೂರೂ ಒಂದೇ ಕಡೆ ಇರುವಾಗ ಮನೆ ಗೋಡೆಗೆ ಒರಗಿಸಿ ಶೆಡ್ ಕಟ್ಟೋದು ನನ್ನ ಪ್ರಕಾರ ತಪ್ಪು. ಆದಷ್ಟೂ ಮನೆಗಳಿಂದ ದೂರ ಕಟ್ಟಿ. ಸೊಳ್ಳೆ ದೂರ ಹಾರುತ್ತೆ, ಹಾಗಾಗಿ ಶೆಡ್ಡಿಗೆ ಜಾಲರಿಯೂ ಬೇಕು, ಮನೆಯೋರಿಗೆ ಸೊಳ್ಳೆ ಪರದೆಯೂ ಬೇಕು. ಮಕ್ಕಳಿಗೆ ಲಸಿಕೆ ಇದೆ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಹಾಕಿಸಿದ್ದೀರಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ.

ಇನ್ನು ಗುಂಡಿ. ಶೆಡ್ಡಿನ ನೆಲ ಸ್ವಲ್ಪ ಇಳಿಜಾರಾಗಿರಲಿ, ಕಾಲು ಜಾರದಂತೆ ಒರಟಾಗಿರಲಿ. ತೊಳೆದ ನೀರು ನಾಲೆಗಲ್ಲ, ಸಿಮೆಂಟ್ ಹಾಕಿ ಮೇಲೆ ಮುಚ್ಚಿದ ಗುಂಡಿಗೆ ಹೋಗಬೇಕು. ಆ ಗೊಬ್ಬರ ಕಬ್ಬಿಗೆ ಆಗುತ್ತೆ.

ಕೆ.ಆರ್. ಪೇಟೆ, ನಾಗಮಂಗಲದ ಒಣಭೂಮಿಯವರ ಕಷ್ಟ ಬೇರೆ. ಹಂದಿ ನಮ್ಮ ಹಾಗೆ ಬೆವರಲ್ಲ, ಬಿಸಿಲಿಗೆ ಬೇಗ ಬಳಲುತ್ತೆ. ಮರಿಗೆ ಹಾಲು ಕೊಡೋ ತಾಯಿ ದಿನಕ್ಕೆ 20 ಲೀಟರಿಗೂ ಹೆಚ್ಚು ಕುಡಿಯುತ್ತೆ. ತೊಳೆಯೋ ನೀರು ಬೇರೆ. ಏಪ್ರಿಲ್‌ನಲ್ಲಿ ನಿಮ್ಮ ಬೋರು ಎಷ್ಟು ನೀರೆತ್ತುತ್ತೆ ಅನ್ನೋದರ ಮೇಲೆ ಹಂದಿ ಎಷ್ಟು ಅಂತ ತೀರ್ಮಾನ ಮಾಡಿ, ಮಳೆಗಾಲದ ನೀರು ನೋಡಿ ಅಲ್ಲ.

ಹೈವೇ ಹೋಟೆಲಿನ ಎಂಜಲು ಪುಕ್ಕಟೆ ಸಿಗುತ್ತೆ ಅಂತ ಅದನ್ನೇ ನಂಬಬೇಡಿ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ದೇಶಕ್ಕೆ ಬಂತು. ಬಂದರೆ ಔಷಧಿ ಇಲ್ಲ, ಇಡೀ ಶೆಡ್ ಖಾಲಿ. ಎಂಜಲು ಹಾಕಲೇಬೇಕಂದ್ರೆ ಅರ್ಧ ಗಂಟೆಯಾದರೂ ಕೊತಕೊತ ಕುದಿಸಿ.

ಹತ್ತು ಹಂದಿಗೆ ಇಷ್ಟೆಲ್ಲಾ ಬೇಕಾ ಅಂತೀರಾ? ಬೇಕು. ದೊಡ್ಡ ಫಾರ್ಮಿನೋರು ಊರಾಚೆ ಇರ್ತಾರೆ, ನಿಮ್ಮ ಹಂದಿ ಅಕ್ಕಪಕ್ಕದ ಮಕ್ಕಳ ಮಗ್ಗುಲಲ್ಲೇ ಇರುತ್ತೆ. ಹಂದಿ ಅಂದ್ರೆ ಮೊದಲೇ ಮೂಗು ಮುರಿಯೋ ಊರಲ್ಲಿ ಒಂದೇ ಒಂದು ದೂರು ಸಾಕು, ಶೆಡ್ಡಿಗೆ ಬೀಗ ಬೀಳುತ್ತೆ. ಗುಂಡಿ, ಜಾಲರಿ, ನೀರು ಮೂರೂ ಸಿದ್ಧವಾದ ಮೇಲೆ ಎರಡು ಹೆಣ್ಣು ಮರಿ ತನ್ನಿ. ಅಲ್ಲೀವರೆಗೂ ದುಡ್ಡು ಜೇಬಲ್ಲೇ ಇರಲಿ.