ಕದ್ದ ಬಾಲ್ಯಕ್ಕೆ ಘಟನೋತ್ತರ ಮಂಜೂರಾತಿ

ವಿಡಿಯೋ ಆಟವೊಂದರ ಕಥಾಲೋಕವನ್ನು ಆಧರಿಸಿದ ಕಾದಂಬರಿ ಎಂದೊಡನೆ ನಮ್ಮ ಸಾಹಿತ್ಯಾಸಕ್ತರಲ್ಲಿ ಬಹುಮಂದಿ ಮುಖ ತಿರುಗಿಸುತ್ತಾರೆ. ಅದು ಸರಕಿನ ಬಾಲಕ್ಕೆ ಕಟ್ಟಿದ ಇನ್ನೊಂದು ಸರಕು, ವಿಮರ್ಶೆಗೆ ಯೋಗ್ಯವಾದುದೇನೂ ಅದರಲ್ಲಿ ಇರಲಾರದು ಎಂಬುದು ಅವರ ಪೂರ್ವನಿಶ್ಚಿತ ತೀರ್ಮಾನ. ಆದರೆ ಹೊರನಾಡಿನ ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಲ್ಲಿ ಅನೇಕರು ಯುದ್ಧವೆಂದರೇನು, ವೀರನೆಂದರೆ ಯಾರು ಎಂಬ ಕಲ್ಪನೆಯನ್ನು ಪಡೆದಿರುವುದು ಇಂತಹ ಆಟಗಳಿಂದಲೇ. ಗಮಕದ ದನಿ ಅವರ ಕಿವಿಗೆ ಬಿದ್ದಿರುವುದು ಕಡಿಮೆ. ಹೀಗಿರುವಾಗ ಈ ಬಗೆಯ ಕೃತಿಗಳನ್ನು ಓದದೆಯೇ ತಳ್ಳಿಹಾಕುವುದು ವಿವೇಕವಲ್ಲ. ಅಮೆರಿಕದ ಲೇಖಕ ಎರಿಕ್ ನೈಲುಂಡ್ ಅವರ ‘ಹೇಲೋ: ದಿ ಫಾಲ್ ಆಫ್ ರೀಚ್’ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾದ ಕೃತಿ.

ಕಾದಂಬರಿಯ ಹುಟ್ಟು ವ್ಯಾಪಾರದಲ್ಲಿದೆ ಎಂಬುದನ್ನು ಮರೆಮಾಚಬೇಕಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆ 2000ದಲ್ಲಿ ಬಂಜೀ ಎಂಬ ಆಟ ತಯಾರಕ ಸಂಸ್ಥೆಯನ್ನು ಕೊಂಡುಕೊಂಡಿತು. 2001ರ ನವೆಂಬರಿನಲ್ಲಿ ತನ್ನ ಎಕ್ಸ್‌ಬಾಕ್ಸ್ ಯಂತ್ರದೊಡನೆ ‘ಹೇಲೋ’ ಆಟವನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಅದಕ್ಕೆ ಸುಮಾರು ಎರಡು ವಾರ ಮುಂಚೆ ಈ ಕಾದಂಬರಿ ಅಂಗಡಿಗಳಿಗೆ ಬಂದಿತ್ತು. ನೈಲುಂಡ್ ಅದನ್ನು ಬರೆದು ಮುಗಿಸಿದ್ದು ಏಳು ವಾರಗಳಲ್ಲಿ. ಅವಸರದ ಗುರುತುಗಳು ಅಲ್ಲಲ್ಲಿ ಉಳಿದಿವೆ. ಕಾಳಗದ ಅಧ್ಯಾಯಗಳು ಒಂದರಂತೆ ಇನ್ನೊಂದಿವೆ.

ಆದರೂ ಆಟ ಕೇಳಲಾಗದ ಪ್ರಶ್ನೆಯೊಂದನ್ನು ಕಾದಂಬರಿ ಕೇಳುತ್ತದೆ. ಆ ಮೊದಲ ಆಟದಲ್ಲಿ ನಾಯಕನು ಮಾಸ್ಟರ್ ಚೀಫ್ ಎಂಬ ಹುದ್ದೆಯ ಹೆಸರಿನಿಂದಷ್ಟೇ ಪರಿಚಿತ. ಶಿರಸ್ತ್ರಾಣ ಅವನ ಮುಖವನ್ನು ಮುಚ್ಚಿದೆ. ಆಡುವವನು ಆ ಕವಚದೊಳಗೆ ತಾನೇ ಹೊಕ್ಕು ಹೋರಾಡಬೇಕಾದ್ದರಿಂದ ಅವನಿಗೊಂದು ಪೂರ್ವಚರಿತ್ರೆ ಬೇಕಿರಲಿಲ್ಲ. ಕಾದಂಬರಿ ಅವನಿಗೆ ಜಾನ್ ಎಂಬ ಹೆಸರನ್ನೂ ಒಂದು ಬಾಲ್ಯವನ್ನೂ ಕೊಡುತ್ತದೆ. ಆ ಬಾಲ್ಯವು ಪ್ರಭುತ್ವ ಕದ್ದ ಬಾಲ್ಯ.

ಕಥೆ ನಡೆಯುವುದು 26ನೆಯ ಶತಮಾನದಲ್ಲಿ. ದೂರದ ಗ್ರಹಗಳ ವಸಾಹತುಗಳಲ್ಲಿ ಭೂಮಿಯ ಆಳ್ವಿಕೆಯ ವಿರುದ್ಧ ದಂಗೆ ಎದ್ದಿದೆ. ಅದನ್ನು ಅಡಗಿಸಲು ಡಾ. ಕ್ಯಾಥರೀನ್ ಹಾಲ್ಸಿ ಎಂಬ ವಿಜ್ಞಾನಿಯ ಯೋಜನೆಯೊಂದಕ್ಕೆ ಸೇನಾಡಳಿತ ಒಪ್ಪಿಗೆ ನೀಡುತ್ತದೆ. ವಂಶವಾಹಿಗಳ ಪರೀಕ್ಷೆಯಿಂದ ಗುರುತಿಸಿದ ಮಕ್ಕಳು 150; ಮಂಜೂರಾದ ಹಣ ಸಾಲುವುದು 75 ಮಕ್ಕಳಿಗೆ. ಆರು ವರ್ಷದ ಆ 75 ಮಕ್ಕಳನ್ನು ಗುಟ್ಟಾಗಿ ಅಪಹರಿಸಿ, ಅವರ ಜಾಗದಲ್ಲಿ ತದ್ರೂಪಿ ಮಕ್ಕಳನ್ನು ಇರಿಸಲಾಗುತ್ತದೆ. ತದ್ರೂಪಿಗಳು ಬಹುಕಾಲ ಬದುಕುವುದಿಲ್ಲ. ತಮ್ಮ ಮಗುವೇ ಕಾಯಿಲೆಯಿಂದ ತೀರಿಕೊಂಡಿತೆಂದು ನಂಬಿ ತಂದೆತಾಯಿಗಳು ಕಣ್ಣೀರಿಡುತ್ತಾರೆ. ಹದಿನಾಲ್ಕರ ಹರೆಯದಲ್ಲಿ ಮಕ್ಕಳ ದೇಹಗಳನ್ನು ಶಸ್ತ್ರಚಿಕಿತ್ಸೆಯಿಂದ ಮಾರ್ಪಡಿಸಿದಾಗ 30 ಮಂದಿ ಸಾಯುತ್ತಾರೆ, 12 ಮಂದಿ ಅಂಗವಿಕಲರಾಗುತ್ತಾರೆ, 33 ಮಂದಿ ಯೋಧರಾಗಿ ಉಳಿಯುತ್ತಾರೆ.

ವೃತ್ತಿಜೀವನವನ್ನು ಕಡತಗಳ ನಡುವೆ ಸವೆಸಿದ ನನ್ನಂಥವನಿಗೆ ಅನ್ಯಗ್ರಹದ ದೈತ್ಯರಿಗಿಂತ ಈ ಅಂಕಿಗಳೇ ಹೆಚ್ಚು ಭಯ ಹುಟ್ಟಿಸುತ್ತವೆ. ಉಳಿದ 75 ಮಕ್ಕಳು ಪಾರಾದದ್ದು ಯಾರ ಕರುಣೆಯಿಂದಲೂ ಅಲ್ಲ, ಆಯವ್ಯಯದ ಮಿತಿಯಿಂದ. ಹಾಲ್ಸಿ ಕ್ರೂರಿಯಲ್ಲ, ಮಕ್ಕಳ ಬಗ್ಗೆ ಅವಳಿಗೆ ಮಮತೆಯಿದೆ, ತಾನು ಮಾಡುತ್ತಿರುವುದು ಅನ್ಯಾಯವೆಂಬ ಅರಿವೂ ಇದೆ. ಬಹುಜನರ ಹಿತಕ್ಕಾಗಿ ಕೆಲವರನ್ನು ಬಲಿಕೊಡಬಹುದು ಎಂಬ ಒಂದು ವಾಕ್ಯ ಅವಳ ಕೈಹಿಡಿದು ನಡೆಸುತ್ತದೆ. ಆಡಳಿತದ ಒಳಗಿರುವ ಯಾರಿಗೂ ಈ ವಾಕ್ಯ ಅಪರಿಚಿತವಲ್ಲ.

ಕಾದಂಬರಿಯೊಡನೆ ನನ್ನ ಜಗಳವಿರುವುದು ಇದರ ಮುಂದಿನ ಹಂತದಲ್ಲಿ. ಈ ಯೋಧರ ಮೊದಲ ಕಾರ್ಯಾಚರಣೆ ಬಂಡಾಯಗಾರರ ನಾಯಕನೊಬ್ಬನನ್ನು ಸೆರೆಹಿಡಿಯುವುದು. ಆದರೆ 2525ರಲ್ಲಿ ಕವೆನೆಂಟ್ ಎಂಬ ಅನ್ಯಗ್ರಹ ಜೀವಿಗಳ ಒಕ್ಕೂಟ ಮನುಕುಲದ ಮೇಲೆ ಎರಗುತ್ತದೆ. ಮನುಷ್ಯರ ದಂಗೆಯನ್ನು ಹತ್ತಿಕ್ಕಲು ಹೂಡಿದ ಯೋಜನೆ ಆ ಕ್ಷಣದಿಂದ ಮನುಕುಲವನ್ನು ಕಾಯುವ ಪುಣ್ಯಕಾರ್ಯವಾಗುತ್ತದೆ. ನಮ್ಮ ಕಚೇರಿಗಳ ಭಾಷೆಯಲ್ಲಿ ಇದಕ್ಕೆ ಘಟನೋತ್ತರ ಮಂಜೂರಾತಿ ಎನ್ನುತ್ತಾರೆ. ಆದೇಶಕ್ಕೆ ಸಹಿ ಬಿದ್ದ ದಿನ ಅನ್ಯಗ್ರಹದ ಶತ್ರುವಿನ ಸುಳಿವೂ ಯಾರಿಗೂ ಇರಲಿಲ್ಲ. ಆ ಶತ್ರು ಬಾರದೇ ಹೋಗಿದ್ದರೆ ಆ 33 ಮಂದಿಯನ್ನು ಏನೆಂದು ಕರೆಯುತ್ತಿದ್ದೆವು? ನೈಲುಂಡ್ ಈ ಪ್ರಶ್ನೆಯ ಬಾಗಿಲವರೆಗೆ ನಮ್ಮನ್ನು ಕರೆದೊಯ್ದು, ತೋಪಿನ ಸದ್ದಿನಲ್ಲಿ ಅದನ್ನು ಮುಳುಗಿಸುತ್ತಾರೆ.

ಬಾಡಿಗೆಯ ಬರಹ ಒಡೆಯನ ಹಿತವನ್ನು ಮೀರಲಾರದು ಎಂದು ಇದರಿಂದ ತೀರ್ಮಾನಿಸುವುದೂ ಆತುರವಾದೀತು. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಅರಿಕೇಸರಿಯ ಆಶ್ರಯದಲ್ಲಿ, ಅವನನ್ನೇ ಅರ್ಜುನನೊಡನೆ ಸಮೀಕರಿಸಿ. ಆದರೂ ಕರ್ಣನಿಗೆ ಸಲ್ಲಬೇಕಾದ ಗೌರವವನ್ನು ಅವನು ತಡೆಹಿಡಿಯಲಿಲ್ಲ. ನೈಲುಂಡರನ್ನು ಪಂಪನ ಪಕ್ಕದಲ್ಲಿ ಕೂರಿಸುವ ಉದ್ದೇಶ ನನಗಿಲ್ಲ. ಆಶ್ರಯದಲ್ಲಿ ಬರೆದದ್ದೆಲ್ಲವೂ ದಾಸ್ಯವಲ್ಲ ಎಂಬುದಷ್ಟೇ ಇಲ್ಲಿನ ಮಾತು.

ಮುಂದಿನ ಬೆಳವಣಿಗೆಗಳೂ ಇದನ್ನೇ ಹೇಳುತ್ತವೆ. 2010ರಲ್ಲಿ ಬಂಜೀ ‘ಹೇಲೋ: ರೀಚ್’ ಎಂಬ ಹೊಸ ಆಟದಲ್ಲಿ ಅದೇ ಗ್ರಹದ ಪತನವನ್ನು ಬೇರೆ ರೀತಿಯಲ್ಲಿ ನಿರೂಪಿಸಿತು, ಕಾದಂಬರಿಯೂ ಅದೇ ವರ್ಷ ತಿದ್ದುಪಡಿಗಳೊಡನೆ ಮರುಮುದ್ರಣಗೊಂಡಿತು. ಕಥೆಯ ಯಜಮಾನಿಕೆ ಯಾರದೆಂಬುದು ಇಲ್ಲಿ ಸ್ಪಷ್ಟ. ಆದರೆ ಕದ್ದ ಮಕ್ಕಳ ಪ್ರಶ್ನೆಯನ್ನು ಯಜಮಾನರಿಂದ ಅಳಿಸಲಾಗಲಿಲ್ಲ. 2012ರ ‘ಹೇಲೋ 4’ ಆಟ ಆರಂಭವಾಗುವುದೇ ಹಾಲ್ಸಿಯ ವಿಚಾರಣೆಯಿಂದ. 2022ರಲ್ಲಿ ಬಂದ ದೂರದರ್ಶನ ಧಾರಾವಾಹಿಯೂ ಆ ಅಪಹರಣವನ್ನು ಕಥೆಯ ಮುಖ್ಯ ಎಳೆಯಾಗಿ ಬಳಸಿಕೊಂಡಿತು.

ಮನೆಯ ತರುಣರು ಇಂತಹ ಪುಸ್ತಕ ಹಿಡಿದು ಕೂತಾಗ ಹಿರಿಯರು ಅದನ್ನು ಕಸಿದುಕೊಳ್ಳುವ ಬದಲು ತಾವೂ ಓದಲಿ, ಓದಿ ವಾದಕ್ಕಿಳಿಯಲಿ. ಈ ವೀರನನ್ನು ತಯಾರಿಸಲು ತೆತ್ತ ಬೆಲೆ ಎಷ್ಟು, ತೆತ್ತವರು ಯಾರು, ಅವರ ಒಪ್ಪಿಗೆಯನ್ನು ಕೇಳಿದವರು ಯಾರು ಎಂಬ ಮೂರು ಪ್ರಶ್ನೆಗಳಿಂದ ಆ ವಾದ ಆರಂಭವಾಗಬಹುದು. ಅವು ಆ ದೂರದ ಗ್ರಹಗಳಿಗಷ್ಟೇ ಸಂಬಂಧಿಸಿದ ಪ್ರಶ್ನೆಗಳೇನಲ್ಲ.