ಎಥೆನಾಲ್ ಲೆಕ್ಕದಲ್ಲಿ ಕಾಣದ ಕೆಲಸಗಾರ

ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲೇ ತಲುಪಿತು. ಮೊದಲು ನಿಗದಿಯಾಗಿದ್ದ ವರ್ಷ 2030. ವಿದೇಶಿ ವಿನಿಮಯದ ಉಳಿತಾಯ, ಕಬ್ಬು ಬೆಳೆಗಾರರ ಬಾಕಿ, ಹಳೆಯ ವಾಹನಗಳ ಎಂಜಿನ್ನಿನ ಗತಿ ಇವೆಲ್ಲವೂ ಸಾಕಷ್ಟು ಚರ್ಚೆಗೊಳಗಾಗಿವೆ. ಎಥೆನಾಲ್ ಇಳಿಸಿದ ಮೇಲೆ ಉಳಿಯುವ ಕೊಳಕು ನೀರನ್ನು ಯಾರು ಸಂಭಾಳಿಸುತ್ತಾರೆ ಎಂಬುದು ಮಾತ್ರ ಚರ್ಚೆಗೆ ಬಂದದ್ದು ಕಡಿಮೆ.

ತೈಲೋದ್ಯಮವೆಂದರೆ ಮಂಗಳೂರಿನ ಎಂಆರ್‌ಪಿಎಲ್ ಇಲ್ಲವೇ ಕೊಲ್ಲಿ ರಾಷ್ಟ್ರಗಳು ಎಂಬುದು ನಮ್ಮ ರೂಢಿಯ ಕಲ್ಪನೆ. ಆದರೆ ಎಥೆನಾಲಿನ ಗ್ರಾಹಕರು ತೈಲ ಕಂಪನಿಗಳೇ ಆಗಿರುವುದರಿಂದ ಆ ಉದ್ಯಮದ ಒಂದು ಕೊಂಡಿ ಕಲಬುರಗಿ ಜಿಲ್ಲೆಯ ಕಬ್ಬಿನ ಹೊಲಗಳವರೆಗೆ ಚಾಚಿದೆ. ಆಳಂದ ತಾಲ್ಲೂಕಿನ ಭೂಸನೂರು, ಅಫಜಲಪುರದ ಹವಳಗಾ, ಹಿಂದೆ ಜೇವರ್ಗಿಗೆ ಸೇರಿದ್ದ ಮಳ್ಳಿಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಹವಳಗಾದಲ್ಲಿ ಡಿಸ್ಟಿಲರಿಯೂ ಇದೆ. ಡಾ. ನಂಜುಂಡಪ್ಪ ಸಮಿತಿಯು 2002ರಲ್ಲಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಸಾಲಿಗೆ ಸೇರಿಸಿತ್ತು. ಇಲ್ಲಿನ ಯುವಕರಿಗೆ ಊರ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕರೆ ಪುಣೆ, ಮುಂಬೈಗಳಿಗೆ ಗುಳೆ ಹೋಗುವುದು ತಪ್ಪುತ್ತದೆ. ಆದರೆ ಸಿಗುವುದು ಎಂಥ ಕೆಲಸ?

ಕಾಕಂಬಿಯಿಂದ ಒಂದು ಲೀಟರ್ ಎಥೆನಾಲ್ ತೆಗೆದರೆ ಎಂಟರಿಂದ ಹದಿನೈದು ಲೀಟರ್ ‘ಸ್ಪೆಂಟ್ ವಾಶ್’ ಉಳಿಯುತ್ತದೆ. ಕಡುಗಂದು ಬಣ್ಣದ, ಆಮ್ಲೀಯವಾದ ಈ ದ್ರವದ ಮಾಲಿನ್ಯಭಾರ ಸಾಮಾನ್ಯ ಚರಂಡಿ ನೀರಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಇದರ ಒಂದು ಹನಿಯೂ ಹೊರಹೋಗಕೂಡದೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಲುವು. ಅದನ್ನು ಡೈಜೆಸ್ಟರಿನಲ್ಲಿ ಕೊಳೆಸಿ ಅನಿಲ ತೆಗೆಯಬೇಕು, ಕುದಿಸಿ ಮಂದಗೊಳಿಸಬೇಕು, ಬಾಯ್ಲರಿನಲ್ಲಿ ಸುಡಬೇಕು ಅಥವಾ ಗೊಬ್ಬರ ಮಾಡಬೇಕು. ಡೈಜೆಸ್ಟರಿನೊಳಗೆ ಕೆಲಸ ಮಾಡುವವು ಸೂಕ್ಷ್ಮಜೀವಿಗಳು. ಆಮ್ಲತೆ ಸ್ವಲ್ಪ ಏರುಪೇರಾದರೂ ಅವು ಸಾಯುತ್ತವೆ, ಇಡೀ ಘಟಕ ವಾರಗಟ್ಟಲೆ ನಿಷ್ಪ್ರಯೋಜಕವಾಗುತ್ತದೆ. ಆಗ ಹೆಚ್ಚುವರಿ ನೀರು ದಾರಿ ಹುಡುಕಿಕೊಳ್ಳುವುದು ಹಳ್ಳದ ಕಡೆಗೆ, ಅಲ್ಲಿಂದ ಭೀಮೆಗೆ. ಹಾಗಾಗದಂತೆ ಪಾಳಿಯಲ್ಲಿ ನಿಂತು ಮಾದರಿ ತೆಗೆದು, ಅಳೆದು, ಕವಾಟ ತಿರುಗಿಸುವ ಟೆಕ್ನಿಷಿಯನ್ನನು ಪ್ರಯೋಗಾಲಯದ ರಸಾಯನಜ್ಞನಿಗಿಂತ ಕಡಿಮೆಯವನಲ್ಲ.

ಅಪಾಯವೂ ಅಲ್ಲಿಯೇ ಇದೆ. ಗಂಧಕಾಂಶವಿರುವ ತ್ಯಾಜ್ಯ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರ ಗುರುತು. ಪ್ರಮಾಣ ಹೆಚ್ಚಿದಾಗ ಮೂಗು ಸೋತು ಆ ವಾಸನೆಯೇ ತಿಳಿಯದಾಗುತ್ತದೆ. 2025ರ ಜುಲೈನಲ್ಲಿ ಎಂಆರ್‌ಪಿಎಲ್‌ನ ಟ್ಯಾಂಕೊಂದರಲ್ಲಿ ಇದೇ ಅನಿಲ ಸೋರಿ ಇಬ್ಬರು ಸಿಬ್ಬಂದಿ ಪ್ರಾಣ ಕಳೆದುಕೊಂಡರು. 2021ರ ಜನವರಿಯಲ್ಲಿ ಕಲಬುರಗಿ ನಗರದಲ್ಲಿಯೇ ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಕಾರ್ಮಿಕರು ಮೃತಪಟ್ಟರು. ದೊಡ್ಡ ರಿಫೈನರಿಯ ಅನುಭವಿ ಸಿಬ್ಬಂದಿಗೇ ಈ ಗತಿಯಾದರೆ, ತಾಂಡಾದಿಂದ ಗುತ್ತಿಗೆದಾರನ ಮೂಲಕ ಬಂದ ‘ಹೆಲ್ಪರ್’ ಎಂಬುವನ ಪಾಡೇನು?

ಕಾನೂನಿಗೆ ಕೊರತೆಯಿಲ್ಲ. ಅಪಾಯಕರ ಅನಿಲವಿಲ್ಲವೆಂದು ಅರ್ಹ ವ್ಯಕ್ತಿ ಲಿಖಿತ ಪ್ರಮಾಣಪತ್ರ ಕೊಡದೆ, ಇಲ್ಲವೇ ಉಸಿರಾಟದ ಉಪಕರಣ ಮತ್ತು ಹಗ್ಗ ಕಟ್ಟಿದ ಬೆಲ್ಟ್ ಇಲ್ಲದೆ ಯಾರನ್ನೂ ತೊಟ್ಟಿಗೆ ಇಳಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 36ನೆಯ ಕಲಮು ಹೇಳಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರಿನಿಂದ ಹೊಸ ವೃತ್ತಿ ಸುರಕ್ಷತಾ ಸಂಹಿತೆ ಜಾರಿಯಲ್ಲಿದೆ. ಕಡತಗಳ ನಡುವೆ ಬಹುಕಾಲ ಕಳೆದ ನನಗೆ ತಿಳಿದಂತೆ, ಪ್ರಮಾಣಪತ್ರವೊಂದು ಬಲು ಸುಲಭವಾಗಿ ಆಫೀಸಿನ ಮೇಜಿನ ಮೇಲೆಯೇ ತಯಾರಾಗಬಲ್ಲದು. ಅದನ್ನು ಓದಿ ‘ಸಾಹೇಬ್ರ, ನಾ ಇಳಿಯಂಗಿಲ್ರಿ’ ಎನ್ನಬಲ್ಲ ಕೆಲಸಗಾರನಿದ್ದರೆ ಮಾತ್ರ ಆ ಕಾಗದಕ್ಕೆ ಬೆಲೆ. ದಿನಗೂಲಿಯವನು ಹಾಗೆನ್ನಲಾರ.

ಐಟಿಐಗಳ ಪಠ್ಯಕ್ರಮದಲ್ಲಿ ‘ಅಟೆಂಡೆಂಟ್ ಆಪರೇಟರ್, ಕೆಮಿಕಲ್ ಪ್ಲಾಂಟ್’ ಎಂಬ ಎರಡು ವರ್ಷಗಳ ವೃತ್ತಿ ಶಿಕ್ಷಣ ಇದ್ದೇ ಇದೆ. ತ್ಯಾಜ್ಯನೀರಿನ ಕೆಲಸಕ್ಕೆ ಅದಕ್ಕಿಂತ ಹತ್ತಿರದ ತರಬೇತಿ ಬೇರೆ ಹುಡುಕಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಸಮುದಾಯ ಭವನಗಳಿಗೆ ಕೊಡುವುದರಲ್ಲಿ ಅಲ್ಪಾಂಶ ತೆಗೆದರೂ ಈ ಮೂರು ತಾಲ್ಲೂಕುಗಳ ಐಟಿಐಗಳಲ್ಲಿ ಈ ತರಗತಿಗಳನ್ನು ಚೆನ್ನಾಗಿ ನಡೆಸಬಹುದು. ಇನ್ನುಳಿದದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಯಲ್ಲಿದೆ: ಡಿಸ್ಟಿಲರಿಯ ಸಮ್ಮತಿಪತ್ರ ನವೀಕರಿಸುವಾಗ ಯಂತ್ರಗಳ ಪಟ್ಟಿಯ ಜೊತೆಗೆ, ಅವನ್ನು ನಡೆಸುವ ತರಬೇತಾದ ಕೆಲಸಗಾರರ ಪಟ್ಟಿಯನ್ನೂ ಅವರ ವೇತನವನ್ನೂ ಕೇಳಬೇಕು.