ಮುದ್ರೆಯಿಲ್ಲದ ತಕ್ಕಡಿ

ನಮ್ಮ ಪೇಟೆಯ ಯಾವ ಅಂಗಡಿಯಲ್ಲೇ ಆಗಲಿ, ತಕ್ಕಡಿಗೂ ತೂಕದ ಬಟ್ಟುಗಳಿಗೂ ಸರ್ಕಾರದ ಮುದ್ರೆ ಇರಬೇಕು. ಮುದ್ರೆಯ ಅವಧಿ ಮೀರಿದರೆ ವರ್ತಕನಿಗೆ ದಂಡ. ಕಾಲು ಕಿಲೋ ಬೇಳೆ ತೂಗುವುದಕ್ಕೆ ಇಷ್ಟು ಕಟ್ಟುನಿಟ್ಟು. ಇದು ಸರಿಯೇ, ಬಡವನ ಕಾಸಿಗೆ ಮೋಸವಾಗಕೂಡದು. ಆದರೆ ಮನುಷ್ಯನ ಮನಸ್ಸನ್ನೇ ತೂಗುತ್ತೇನೆಂದು ಹೇಳಿ, ಆ ತೂಕದ ಮೇಲೆ ಅವನಿಗೆ ಅನ್ನ ಕೊಡುವ ಇಲ್ಲವೆ ಅವನ ಅನ್ನ ಕೀಳುವ ತಕ್ಕಡಿಯೊಂದಿದೆ. ಅದನ್ನು ಪರಿಶೀಲಿಸಿ ಮುದ್ರೆ ಒತ್ತಿದವರು ಯಾರು?

ಈ ತಕ್ಕಡಿಯ ಹೆಸರು ವ್ಯಕ್ತಿತ್ವ ಪರೀಕ್ಷೆ. ಕೆಲಸಕ್ಕೆ ಅರ್ಜಿ ಹಾಕಿದವನಿಗೆ, ಬಡ್ತಿಗೆ ಕಾದವನಿಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ಬೆಂಗಳೂರಿನ ಕಂಪನಿಗಳಿಗೆ ಅರ್ಜಿ ಹಾಕುವ ನಮ್ಮ ಮಕ್ಕಳಿಗೆ ಅದು ಮೊಬೈಲಿನಲ್ಲಿಯೇ ಬರುವುದುಂಟು. ನಿನಗೆ ಗುಂಪು ಹಿತವೋ ಏಕಾಂತ ಹಿತವೋ? ಬೇಗ ಸಿಟ್ಟು ಬರುತ್ತದೆಯೆ? ಮೇಲಿನವರ ಮಾತು ತಪ್ಪೆನಿಸಿದರೆ ಏನು ಮಾಡುವೆ? ಹೀಗೆ ಹತ್ತಾರು, ಕೆಲವು ಸಲ ನೂರಾರು ಪ್ರಶ್ನೆ. ಮಗ್ಗ ನಡೆಸಲು ಬರುತ್ತದೆಯೆ, ಲೆಕ್ಕ ಬರೆಯಲು ಬರುತ್ತದೆಯೆ ಎಂಬ ಪ್ರಶ್ನೆ ಮಾತ್ರ ಅದರಲ್ಲಿಲ್ಲ. ಅಂಕ ಹಾಕುವ ಕ್ರಮ ಗುಟ್ಟು. ಎಷ್ಟು ಅಂಕ ಬಂತೆಂಬುದೂ ಬಹಳ ಸಲ ಗುಟ್ಟು.

ಈ ವಿದ್ಯೆಯ ಬೇರು ಇರುವುದು ಯುದ್ಧದಲ್ಲಿ. 1917ರಲ್ಲಿ ಅಮೆರಿಕವು ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಗುಂಡಿನ ಆರ್ಭಟಕ್ಕೆ ಮನಸ್ಸು ಕೆಡುವಂಥ ಸಿಪಾಯಿಗಳನ್ನು ಮೊದಲೇ ಬೇರ್ಪಡಿಸಬೇಕೆಂದು ರಾಬರ್ಟ್ ವುಡ್‌ವರ್ತ್ ಎಂಬ ಪಂಡಿತರು ಹೌದು-ಇಲ್ಲ ಎಂದು ಉತ್ತರಿಸುವ 116 ಪ್ರಶ್ನೆಗಳ ಪಟ್ಟಿ ತಯಾರಿಸಿದರು. ಅದು ಬಳಕೆಗೆ ಬರುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಸಿಪಾಯಿಗೆಂದು ಹೊಲಿದ ಅಂಗಿಯನ್ನು ಆಮೇಲೆ ಕಾರ್ಮಿಕನಿಗೆ ತೊಡಿಸಿದರು.

ಏಕೆ ತೊಡಿಸಿದರು? 1935ರಲ್ಲಿ ಅಮೆರಿಕದಲ್ಲಿ ವ್ಯಾಗ್ನರ್ ಕಾಯಿದೆ ಬಂತು. ಸಂಘ ಸೇರಿದನೆಂದು ಕಾರ್ಮಿಕನನ್ನು ತೆಗೆಯಕೂಡದು, ಸಂಘದವನೆಂದು ಕೆಲಸ ನಿರಾಕರಿಸಕೂಡದು ಎಂದು ಅದು ವಿಧಿಸಿತು. ಅದೇ ವರ್ಷ ಹಮ್-ವ್ಯಾಡ್ಸ್‌ವರ್ತ್ ಎಂಬ 318 ಪ್ರಶ್ನೆಗಳ ಸ್ವಭಾವ ಪರೀಕ್ಷೆಯೂ ಹೊರಬಂತು. ವಿಮಾನ ತಯಾರಿಸುವ ಲಾಕ್‌ಹೀಡ್ ಕಂಪನಿ ಅದನ್ನು ಬಳಸಿತು. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯವಿರಬಹುದು. ಪರೀಕ್ಷೆಗಳು ಬಳಕೆಯಾದ ರೀತಿ ಕಾಕತಾಳೀಯವಲ್ಲ. ಆ ಕಾಲದ ಮಾಲೀಕರು ಸಂಘ ಕಟ್ಟಬಹುದಾದವರನ್ನು ಬಾಗಿಲಲ್ಲೇ ತಡೆಯಲು ಇಂಥ ಪರೀಕ್ಷೆಗಳನ್ನು ಹೇಗೆ ಬಳಸಿದರೆಂಬುದನ್ನು ಮೈಕೆಲ್ ಝಿಕಾರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರೇ 2001ರಲ್ಲಿ ದಾಖಲೆ ಸಹಿತ ಬರೆದಿದ್ದಾರೆ. ನೀನು ಸಂಘದವನೇ ಎಂದು ಕೇಳಿದರೆ ಕಾನೂನು ಅಡ್ಡ ಬರುತ್ತದೆ. ನೀನು ಹೊಂದಿಕೊಂಡು ಹೋಗುವವನೇ ಎಂದು ಕೇಳಿದರೆ ಅದು ಶಾಸ್ತ್ರ!

ಹಳೆಯ ದುರುಪಯೋಗವನ್ನೇ ಹಿಡಿದು ಶಾಸ್ತ್ರವನ್ನು ತಳ್ಳಿಹಾಕಬಾರದು ಎಂದು ಕೆಲವರು ಹೇಳಿಯಾರು. ಒಪ್ಪಿದೆವು. ತಕ್ಕಡಿಗೆ ಹಾಕುವ ಪರೀಕ್ಷೆಯನ್ನೇ ಇದಕ್ಕೂ ಹಾಕೋಣ.

ಮೊದಲ ಪರೀಕ್ಷೆ: ಒಂದೇ ವಸ್ತುವನ್ನು ಎರಡು ಸಲ ತೂಗಿದರೆ ಒಂದೇ ತೂಕ ಬರುತ್ತದೆಯೆ? ಮಯರ್ಸ್-ಬ್ರಿಗ್ಸ್ ಎಂಬ ಬಹು ಪ್ರಸಿದ್ಧ ಪ್ರಶ್ನಾವಳಿಯು ಮನುಷ್ಯರನ್ನೆಲ್ಲ 16 ಬಗೆಯಾಗಿ ವಿಂಗಡಿಸುತ್ತದೆ. ಅದನ್ನು ರಚಿಸಿದ ತಾಯಿ-ಮಗಳಿಬ್ಬರೂ ಮನಶ್ಶಾಸ್ತ್ರದಲ್ಲಿ ಶಿಕ್ಷಣ ಪಡೆದವರಲ್ಲ. ಕೆಲವು ವಾರ ಬಿಟ್ಟು ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದವರಲ್ಲಿ ಅನೇಕರು ಬೇರೆ ಬಗೆಗೆ ಸೇರಿಬಿಡುವರೆಂದು ಸಂಶೋಧಕರು ಕಂಡಿದ್ದಾರೆ. ಕೆಲಸಕ್ಕೆ ಆರಿಸಲು ಇದನ್ನು ಬಳಸಬೇಡಿ ಎಂದು ಅದರ ಪ್ರಕಾಶಕರೇ ಹೇಳುತ್ತಾರೆ.

ಎರಡನೆಯ ಪರೀಕ್ಷೆ: ಅದು ತೂಗಬೇಕಾದದ್ದನ್ನು ತೂಗುತ್ತದೆಯೆ? ಇಂಥ ಪರೀಕ್ಷೆಗಳನ್ನು ನಂಬಿ ನೌಕರಿ ತೀರ್ಮಾನಿಸುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಗಯಾನ್ ಮತ್ತು ಗಾಟಿಯರ್ ಎಂಬ ಸಂಶೋಧಕರು 1965ರಲ್ಲಿಯೇ ಬರೆದರು. ಶ್ರದ್ಧೆ ಎಂಬ ಒಂದು ಗುಣಕ್ಕೂ ಕೆಲಸಕ್ಕೂ ಸಂಬಂಧವುಂಟೆಂದು 1991ರಲ್ಲಿ ಬೇರೆ ಇಬ್ಬರು ತೋರಿಸಿದ್ದು ನಿಜ. ಆದರೆ ಆ ಸಂಬಂಧ ಎಷ್ಟು? ಸೊನ್ನೆ ಎಂದರೆ ಏನೂ ಇಲ್ಲ, 1 ಎಂದರೆ ಪೂರ್ಣ ಎಂಬ ಅಳತೆಯಲ್ಲಿ, 2022ರ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ 0.19. ಎಂದರೆ ಒಬ್ಬನ ಕೆಲಸಕ್ಕೂ ಇನ್ನೊಬ್ಬನ ಕೆಲಸಕ್ಕೂ ಇರುವ ವ್ಯತ್ಯಾಸವನ್ನು ನೂರು ಪಾಲು ಮಾಡಿದರೆ, ಈ ಅಂಕ ವಿವರಿಸುವುದು ಸುಮಾರು 4 ಪಾಲು. ಉಳಿದ 96 ಪಾಲನ್ನು ಬಿಟ್ಟು 4 ಪಾಲು ತೂಗುವ ತಕ್ಕಡಿಯನ್ನು ಯಾವ ವರ್ತಕ ಅಂಗಡಿಯಲ್ಲಿ ಇಟ್ಟಾನು?

ಹಾಗಾದರೆ ಜನ ಏಕೆ ನಂಬುತ್ತಾರೆ? 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕರು 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, ನಿಮ್ಮ ನಿಮ್ಮ ಸ್ವಭಾವವೆಂದು ಒಂದೊಂದು ಹಾಳೆ ಕೊಟ್ಟರು. ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ, ಅದೂ ಬಹುಮಟ್ಟಿಗೆ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು! ವಿದ್ಯಾರ್ಥಿಗಳು ಅದಕ್ಕೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಗಿಣಿಶಾಸ್ತ್ರದವನಿಗೆ ರೂಪಾಯಿ ಕೊಟ್ಟು ಬಂದವನು ‘ಸರಿಯಾಗಿ ಹೇಳಿದ’ ಎನ್ನುವುದಿಲ್ಲವೆ? ಇದೂ ಹಾಗೆಯೇ.

ಇನ್ನೊಂದು ಕೇಡು ಉಂಟು. ಈ ಪರೀಕ್ಷೆಯಲ್ಲಿ ನಿಜ ಹೇಳಿದವನು ಸೋಲಬಹುದು, ಮಾಲೀಕನಿಗೆ ಬೇಕಾದ ಉತ್ತರ ಊಹಿಸಿದವನು ಗೆಲ್ಲಬಹುದು. ವಿಲಿಯಂ ವೈಟ್ ಎಂಬ ಅಮೆರಿಕದ ಪತ್ರಕರ್ತರು 1956ರಲ್ಲಿ ಕಂಪನಿ ನೌಕರರ ಬದುಕಿನ ಬಗ್ಗೆ ಬರೆದ ಪುಸ್ತಕದ ಕೊನೆಗೆ, ಈ ಪರೀಕ್ಷೆಗಳಿಗೆ ಮೋಸದ ಉತ್ತರ ಕೊಡುವುದು ಹೇಗೆಂದು ಒಂದು ಅನುಬಂಧವನ್ನೇ ಸೇರಿಸಿದರು. ಪ್ರಾಮಾಣಿಕರನ್ನು ಹುಡುಕಲು ಹೊರಟ ಪರೀಕ್ಷೆ ಸುಳ್ಳು ಕಲಿಸುವ ಶಾಲೆಯಾಯಿತು.

ಬಡ್ತಿ ಕಳೆದುಕೊಂಡವರು ಕೋರ್ಟಿಗೆ ಹೋದದ್ದೂ ಉಂಟು. ಅಮೆರಿಕದ ರೆಂಟ್-ಎ-ಸೆಂಟರ್ ಕಂಪನಿಯು ಬಡ್ತಿ ಬೇಡುವ ನೌಕರರಿಗೆ ಕೊಡುತ್ತಿದ್ದ ಪರೀಕ್ಷೆಗಳಲ್ಲಿ, ಮಾನಸಿಕ ರೋಗ ಗುರುತಿಸಲು 1943ರಲ್ಲಿ ಪ್ರಕಟವಾದ ಮಿನೆಸೋಟ ಪ್ರಶ್ನಾವಳಿಯ 502 ಪ್ರಶ್ನೆಗಳಿದ್ದವು. ಅಂಗಡಿ ನಡೆಸುವ ಹುದ್ದೆಗೆ ರೋಗಿಯ ಪ್ರಶ್ನೆಗಳು! ಮೂವರು ಅಣ್ಣ ತಮ್ಮಂದಿರು ದಾವೆ ಹೂಡಿದರು. ಇದು ವೈದ್ಯಕೀಯ ಪರೀಕ್ಷೆಯೇ ಸರಿ, ಬಡ್ತಿಗೆ ಹೀಗೆ ಬಳಸುವುದು ಅಂಗವಿಕಲರ ರಕ್ಷಣೆಗಾಗಿ 1990ರಲ್ಲಿ ಬಂದ ಕಾಯಿದೆಗೆ ವಿರುದ್ಧ ಎಂದು 2005ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಪ್ರಶ್ನಿಸಿದ್ದರಿಂದ ನ್ಯಾಯ ದೊರಕಿತು.

ಪರೀಕ್ಷೆ ಬೇಡವೆಂದರೆ ಮತ್ತೆ ಶಿಫಾರಸು, ಜಾತಿ, ಮೇಸ್ತ್ರಿಯ ಲಂಚಕ್ಕೇ ಹಿಂದಿರುಗಬೇಕೆ ಎಂದು ವಿಚಾರವಂತ ಮಿತ್ರರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಗಿರಣಿಯ ಜಾಬರನಿಗೆ ಕೈಬೆಚ್ಚಗೆ ಮಾಡದೆ ಕೆಲಸ ಸಿಗದಿದ್ದುದನ್ನು 1931ರ ರಾಯಲ್ ಕಾರ್ಮಿಕ ಆಯೋಗವೇ ಬರೆದಿಟ್ಟಿದೆ. ಆ ಕಾಲ ಮತ್ತೆ ಬರುವುದು ಬೇಡ. ಆದರೆ ದಾರಿ ಇರುವುದು ಎರಡೇ ಅಲ್ಲ. ಕೆಲಸವನ್ನೇ ಮಾಡಿಸಿ ನೋಡಲಿ. ಕೆಲಸದ ತಿಳಿವಳಿಕೆಯನ್ನು ಕೇಳಲಿ. ಎಲ್ಲರಿಗೂ ಒಂದೇ ಪ್ರಶ್ನೆಗಳನ್ನಿಟ್ಟು ಸಂದರ್ಶನ ನಡೆಸಲಿ. ಅದೇ 2022ರ ಸಮೀಕ್ಷೆಯಲ್ಲಿ ಇವಕ್ಕೆ ಬಂದ ಅಳತೆ ಕ್ರಮವಾಗಿ 0.33, 0.40, 0.42. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನೂಲು ಕಡಿದಾಗ ಕಟ್ಟುವ ಕೈಯನ್ನು ನೋಡಿದರೆ ನೇಯುವವನು ಎಂಥವನೆಂದು ತಿಳಿಯುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಪ್ರಶ್ನಾವಳಿಯ ಅಂಕವೊಂದನ್ನೇ ಹಿಡಿದು ಯಾರಿಗೂ ಕೆಲಸವನ್ನಾಗಲಿ ಬಡ್ತಿಯನ್ನಾಗಲಿ ನಿರಾಕರಿಸಕೂಡದು. ಎರಡು, ಪರೀಕ್ಷೆ ಮಾರುವ ಕಂಪನಿ ತನ್ನ ಆಧಾರವನ್ನು ಬಹಿರಂಗಪಡಿಸಿ, ಅದರಿಂದ ಲಾಭವಿಲ್ಲದ ತಜ್ಞರ ಮುಂದೆ ಸಾಬೀತು ಮಾಡಬೇಕು. ಮೂರು, ಪರೀಕ್ಷೆ ಬರೆದವನಿಗೆ ಅವನ ಅಂಕ ಮತ್ತು ಕಾರಣ ತಿಳಿಸಿ, ಮೇಲ್ಮನವಿಗೆ ಅವಕಾಶ ಕೊಡಬೇಕು. ನಾಲ್ಕು, ಧರ್ಮ, ಜಾತಿ, ರಾಜಕೀಯ, ಸಂಘ, ಮನೆಯ ಸಂಗತಿ ಇವು ಯಾವ ವೇಷದಲ್ಲಿಯೂ ಪ್ರಶ್ನೆಯಾಗಿ ಬರಕೂಡದು.

ಕಾರ್ಮಿಕ ಬಂಧುಗಳು ತಮ್ಮ ಸಂಘದ ಮುಂದಿನ ಸಭೆಯಲ್ಲಿ ಇವನ್ನು ಚರ್ಚೆಗೆ ಇಡಬೇಕು. ವರ್ತಕ ಮಿತ್ರರೂ ಜೊತೆಗೂಡಬೇಕು. ನಾಳೆ ಕೆಲಸ ಹುಡುಕಿಕೊಂಡು ಹೊರಡುವವರಲ್ಲಿ ಅವರ ಮಕ್ಕಳೂ ಇದ್ದಾರೆ. ಕೂಲಿಗಾರ ಮಾಲೀಕನಿಗೆ ಮಾರುವುದು ದಿನದ ಎಂಟು ಗಂಟೆಯ ದುಡಿಮೆಯನ್ನು. ಅದನ್ನು ತೂಗಿ ನೋಡುವ ಹಕ್ಕು ಮಾಲೀಕನಿಗೆ ಉಂಟು. ಮನಸ್ಸು ಮಾರಾಟದ ಸರಕಲ್ಲ.